ಹೊಲವನ್ನು ಬಿಸಿಲಿಗೆ ಗುತ್ತಿಗೆ ಕೊಡುವ ಮುನ್ನ

ಕಳೆದ ಶ್ರಾವಣ ಮಾಸದಲ್ಲಿ ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ ಪ್ರವಚನ ಮುಗಿಸಿ, ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಮನೆಯ ಯಜಮಾನರು ಒಳಗಿನಿಂದ ಕಾಗದದ ಕಟ್ಟೊಂದನ್ನು ತಂದು ನಮ್ಮ ಮುಂದಿಟ್ಟರು. ಅದು ಇಂಗ್ಲಿಷಿನಲ್ಲಿದ್ದ ಕರಾರುಪತ್ರ. ಸೌರವಿದ್ಯುತ್ ಕಂಪನಿಯೊಂದು ಅವರ 16 ಎಕರೆ ಹೊಲವನ್ನು 28 ವರ್ಷಗಳ ಗುತ್ತಿಗೆಗೆ ಕೇಳಿತ್ತು. ಅದರಲ್ಲಿ 10 ಎಕರೆ ಎರೆಭೂಮಿ, ಉಳಿದದ್ದು ಮಸಾರಿ. “ಗುರುಗಳ, ಇದಕ್ಕ ಸಹಿ ಹಾಕಬೇಕೋ ಬ್ಯಾಡೋ, ನೀವ ಒಂದು ಮಾತು ಹೇಳ್ರಿ” ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ, ಬಾಗಿಲ ಬಳಿ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದ ಅವರ ತಾಯಿಯವರು ತಲೆಯೆತ್ತಿ, “ಇಪ್ಪತ್ತೆಂಟು ವರ್ಷ ಆದಮ್ಯಾಲ ನಮ್ಮ ಹೊಲ ಯಾವುದು ಅಂತ ಗುರುತು ಸಿಗತೈತೇನ್ರೀ?” ಎಂದರು.

ಮಠದ ಪ್ರಸಾದ ನಿಲಯದಲ್ಲಿ ಬೆಳೆದು, ವ್ಯಾಕರಣ, ಶಾಸ್ತ್ರ, ವಚನಗಳ ಅಧ್ಯಯನದಲ್ಲಿ ಆಯುಷ್ಯ ಕಳೆದ ನಮಗೆ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ತಿಳಿಯದ್ದನ್ನು ತಿಳಿದವರಂತೆ ಹೇಳುವುದು ಸಲ್ಲದೆಂದು, “ಕಾರ್ತೀಕದವರೆಗೆ ಸಹಿ ಮಾಡಬೇಡಿ, ತಿಳಿದುಕೊಂಡು ಬರುತ್ತೇವೆ” ಎಂದು ಮಾತು ಕೊಟ್ಟು ಬಂದೆವು. ಪ್ರಸಾದ ನಿಲಯದಲ್ಲಿ ನಮ್ಮ ಜೊತೆಗಿದ್ದು ಮುಂದೆ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರರಾಗಿ ನಿವೃತ್ತರಾದ ಮಿತ್ರರನ್ನು ಕಂಡು ಕೇಳಿದೆವು. ಅವರೊಡನೆ ಪಾವಗಡಕ್ಕೂ ಹೋಗಿ ಬಂದೆವು. ಇಂತಹ ಕರಾರುಪತ್ರ ಇಂದು ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲಿಗೆ ಬರುತ್ತಿರುವುದರಿಂದ, ನಾವು ಅರಿತಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲಿಗೆ, ಸೂರ್ಯನ ಬೆನ್ನು ಹತ್ತುವ ಅಗತ್ಯವೇನು ಎಂಬುದನ್ನು ನೋಡಬೇಕು. ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1985ರಲ್ಲಿ ಆರಂಭವಾದ ಆ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲಿನಲ್ಲಿ ಬಂದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬರಿಯ ಬೂದಿ. ಆ ಬೂದಿ ಸುತ್ತಲಿನ ಊರುಗಳ ಛಾವಣಿಯ ಮೇಲೂ ಬೆಳೆಯ ಮೇಲೂ ಕೂರುತ್ತದೆ. ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡು ಭೂಮಿಯನ್ನು ಬಿಸಿಯಾಗಿಸುತ್ತದೆ. ಹೀಗಾಗಿ ಬಿಸಿಲು, ಗಾಳಿ, ನೀರು, ಸಗಣಿ ಇವುಗಳಿಂದ ಶಕ್ತಿ ಪಡೆಯುವುದು ಯೋಗ್ಯವಾದ ದಾರಿ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಹಿಂದೆ ಇವನ್ನು ಅಸಾಂಪ್ರದಾಯಿಕ ಶಕ್ತಿಮೂಲಗಳೆಂದು ಕರೆಯುತ್ತಿದ್ದರು, ಈಗ ನವೀಕರಿಸಬಹುದಾದ ಇಂಧನ ಎನ್ನುತ್ತಾರೆ. ಉರಿಸಿದರೆ ಮುಗಿದುಹೋಗುವಂತಹವಲ್ಲ, ಮತ್ತೆ ಮತ್ತೆ ದೊರೆಯುತ್ತವೆ ಎಂದು ಅರ್ಥ. ಆದರೆ ಮುಗಿಯುವುದಿಲ್ಲ ಎಂದ ಮಾತ್ರಕ್ಕೆ ಪುಕ್ಕಟೆ ಎಂದು ತಿಳಿಯಲಾಗದು. ಬಿಸಿಲಿಗೆ ಬಾಡಿಗೆಯಿಲ್ಲದಿದ್ದರೂ ಅದನ್ನು ಹಿಡಿಯುವುದಕ್ಕೆ ನೆಲ ಬೇಕು, ಮತ್ತು ಆ ನೆಲ ಯಾರದೋ ಒಬ್ಬರದ್ದಾಗಿರುತ್ತದೆ.

ನೀರಿನ ಕಥೆಯಿಂದ ನಮ್ಮ ನಾಡು ಇದನ್ನು ಬಹಳ ಹಿಂದೆಯೇ ಕಲಿಯಬೇಕಾಗಿತ್ತು. ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ ನೀರಿನ ಬಲವನ್ನು ಗಿರಣಿಗೆ ಹೂಡಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆ ಮುಳುಗಿದಾಗ ಮನೆ ಬಿಟ್ಟು ಲಾರಿ ಹತ್ತಿದವರ ಮೊಮ್ಮಕ್ಕಳು, ತಾವಿರುವ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಆ ಹಿನ್ನೀರಿನ ದಂಡೆಯ ಕೆಲವು ಊರುಗಳು ದಶಕಗಳ ಕಾಲ ಕತ್ತಲೆಯಲ್ಲಿದ್ದವು. ಕೃಷ್ಣೆಯ ತೀರದವರಿಗೂ ಈ ನೋವು ಹೊಸದಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನೀರಾವರಿಗೆಂದು ಕಟ್ಟಿದ ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ, ಕೂಡಲಸಂಗಮದಲ್ಲಿ ಐಕ್ಯಮಂಟಪದ ಸುತ್ತಲೂ ಬಾವಿಯಂತೆ ಗೋಡೆಯೆಬ್ಬಿಸಿ ಕಾಪಾಡಬೇಕಾಯಿತು. ಇಂದು ನಾವೆಲ್ಲರೂ ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುವುದು ಅದೇ ಕಾರಣದಿಂದ. ಮಂಟಪಕ್ಕೆ ಗೋಡೆ ಕಟ್ಟಬಹುದಾಗಿತ್ತು, ಊರುಗಳಿಗೆ ಕಟ್ಟಲಾಗಲಿಲ್ಲ.

ಇನ್ನು ಪಾವಗಡದ ವಿಷಯ. ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ಬಹುತೇಕ ಆಂಧ್ರದ ನೆಲವೇ ಸುತ್ತುವರಿದಿದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮಳೆ ಕಡಿಮೆ, ಬರ ಮೇಲಿಂದ ಮೇಲೆ, ಕೊಳವೆಬಾವಿಯಲ್ಲಿ ಬಂದ ನೀರಿನಲ್ಲೂ ಫ್ಲೋರೈಡು. ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದ ರೈತರು ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದರು. ಅಲ್ಲಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ‘ಶಕ್ತಿಸ್ಥಳ’ವೆಂಬ ಸೌರ ಉದ್ಯಾನ ತಲೆಯೆತ್ತಿತು. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣಗೊಂಡಿತು. ದಿಬ್ಬವೊಂದರ ಮೇಲೆ ನಿಂತು ನೋಡಿದರೆ ದಿಗಂತದವರೆಗೆ ನೀಲಿ ಫಲಕಗಳು. ಮೊದಲ ನೋಟಕ್ಕೆ ಕೆರೆಯೆಂದೇ ಭ್ರಮೆಯಾಗುತ್ತದೆ. ಹೊಗೆಯಿಲ್ಲ, ಗದ್ದಲವಿಲ್ಲ. ನಮ್ಮ ಮಿತ್ರರು ಹೇಳಿದ ಹಾಗೆ, ಇಷ್ಟು ದೊಡ್ಡ ವಿದ್ಯುತ್ ಕೇಂದ್ರದಲ್ಲಿ ಇಷ್ಟು ಮೌನ ಬೇರೆಲ್ಲಿಯೂ ಇರಲಾರದು.

ಇಲ್ಲಿ ಮೆಚ್ಚತಕ್ಕ ಸಂಗತಿಯೊಂದಿದೆ. ಸರಕಾರ ಈ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎರಡು ಸಾವಿರಕ್ಕೂ ಮೇಲ್ಪಟ್ಟ ರೈತರಿಂದ 28 ವರ್ಷಗಳಿಗೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಕರಾರು ಮಾಡಿಕೊಂಡದ್ದು ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಕೂಡಿ ಕಟ್ಟಿದ ನಿಗಮ. ವಿದ್ಯುತ್ ಕಂಪನಿಗಳು ಬರುವುದು ಅದರ ನಂತರ. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನದ ಯತ್ನ ನಡೆದಾಗ, ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತು ಅದನ್ನು ತಡೆದದ್ದು ನಮ್ಮ ಓದುಗರಿಗೆ ನೆನಪಿರಬಹುದು. ಅಂದು ಎದುರಿದ್ದದ್ದು ಭೂಮಿ ಶಾಶ್ವತವಾಗಿ ಕೈಬಿಡುವ ಪ್ರಶ್ನೆ. ಗುತ್ತಿಗೆಯಲ್ಲಿ ಒಡೆತನ ಉಳಿಯುತ್ತದೆ. ಬರಡು ನೆಲದಲ್ಲಿ 10 ಎಕರೆಯುಳ್ಳವನಿಗೆ ವರ್ಷಕ್ಕೆ 2,10,000 ರೂಪಾಯಿ ಮಳೆಯ ಹಂಗಿಲ್ಲದೆ ಬರುವುದೆಂದರೆ ಸಣ್ಣ ಮಾತಲ್ಲ. ಸಾಲ ತೀರಿಸಿದವರನ್ನು, ಮಗಳನ್ನು ನರ್ಸಿಂಗ್ ಓದಿಸಿದವರನ್ನು ನಾವು ಕಣ್ಣಾರೆ ಕಂಡೆವು.

ಆದರೆ ಅದೇ ಊರಿನ ಮರದ ಕೆಳಗೆ ಬೇರೊಂದು ಮಾತನ್ನೂ ಕೇಳಿದೆವು. ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣ ಎಲ್ಲಿಂದ ಬರಬೇಕು? ಶೇಂಗಾ ಕೀಳುವ, ಕಳೆ ತೆಗೆಯುವ ಕೂಲಿ ನಿಂತಿತು. ಬೇಲಿ ಬಿದ್ದ ಮೇಲೆ ಕುರಿಗಳಿಗೆ ಮೇವಿನ ನೆಲ ದೂರವಾಯಿತು. ಉದ್ಯಾನದೊಳಗೆ ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸಗಳಿವೆ, ಆದರೆ ಅವು ಕೆಲವರಿಗೆ ಮಾತ್ರ. ಕಟ್ಟುವಾಗ ಸಾವಿರ ಕೈ ಬೇಡುವ ಈ ಉದ್ಯಮ, ಕಟ್ಟಿದ ಮೇಲೆ ಬಹಳ ಕಡಿಮೆ ಕೈಗಳಲ್ಲಿ ನಡೆಯುತ್ತದೆ. ಎಳೆಯ ಗಂಡಸರು ಹೇಗೋ ಊರು ಬಿಟ್ಟು ದುಡಿಯುತ್ತಾರೆ. ಐವತ್ತು ದಾಟಿದ ಹೆಣ್ಣುಮಕ್ಕಳ ಕಾಯಕವನ್ನೇ ಕಸಿದಂತಾಯಿತಲ್ಲ ಎಂಬುದು ನಮ್ಮನ್ನು ಬಹಳವಾಗಿ ಕಾಡಿತು. ಕರಾರುಪತ್ರದಲ್ಲಿ ಅವರು ಯಾವ ಕಡೆಯ ಪಕ್ಷಗಾರರೂ ಅಲ್ಲ.

ಗುತ್ತಿಗೆಯ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡೋಣ. ಎರಡು ವರ್ಷಕ್ಕೆ ನೂರಕ್ಕೆ 5 ಎಂದರೆ ವರ್ಷಕ್ಕೆ ಎರಡೂವರೆ ಮಾತ್ರ. ಇಂದಿನ 21,000 ರೂಪಾಯಿ ಕೊನೆಯ ವರ್ಷಕ್ಕೆ ಸುಮಾರು 39,600 ಆಗುತ್ತದೆ. ಆದರೆ ಪೇಟೆಯ ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೂ, ಇಂದು 21,000ಕ್ಕೆ ಬರುವ ಸಾಮಾನಿಗೆ ಅಂದು 78,000ಕ್ಕೂ ಹೆಚ್ಚು ಬೇಕಾದೀತು. ಅಂದರೆ ಏರುವಂತೆ ತೋರುವ ಬಾಡಿಗೆ ನಿಜವಾಗಿ ಅರ್ಧಕ್ಕೆ ಇಳಿದಿರುತ್ತದೆ. ಸಹಿ ಮಾಡುವವರು ಈ ಒಂದು ಸಾಲಿನ ಮೇಲೆ ಹಠ ಹಿಡಿಯಬೇಕು. ಉಳಿದ ಕೆಲವು ಷರತ್ತುಗಳೂ ಅಷ್ಟೇ ಮುಖ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ನೋಂದಣಿಯಿಲ್ಲದ ಛಾಪಾ ಕಾಗದವನ್ನು ನಂಬಿ ಹೊಲ ಬಿಟ್ಟುಕೊಡಬಾರದು. ಕಂಪನಿ ಕೈ ಬದಲಾದರೆ ಬಾಡಿಗೆಗೆ ಹೊಣೆ ಯಾರು, ಗುತ್ತಿಗೆಯ ಹಕ್ಕನ್ನು ಅವರು ಬ್ಯಾಂಕಿಗೆ ಅಡವಿಡಬಹುದೇ, ಎಷ್ಟು ತಿಂಗಳು ಬಾಕಿಯಾದರೆ ಕರಾರು ರದ್ದಾಗುತ್ತದೆ, ಅವಧಿ ಮುಗಿದ ಮೇಲೆ ನೆಲದೊಳಗಿನ ಕಬ್ಬಿಣದ ಕಂಬ, ಕಾಂಕ್ರೀಟನ್ನು ಯಾರು ಕೀಳುತ್ತಾರೆ, ಇವೆಲ್ಲ ಬರಹದಲ್ಲಿರಬೇಕು. ಫಲಕಗಳ ಆಯುಷ್ಯ ಸುಮಾರು 25 ವರ್ಷ. ಕೆಟ್ಟ ಫಲಕಗಳನ್ನು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ತರಲಾಗಿದೆಯಾದರೂ, ನಿಯಮ ನಮ್ಮ ಹೊಲಕ್ಕೆ ಬಂದು ಗಾಜು ಆಯುವುದಿಲ್ಲ. ಬೆಳೆಯಿಲ್ಲದ ಹೊಲಕ್ಕೆ ಬೆಳೆಸಾಲ ದೊರೆಯಲಾರದು ಎಂಬುದನ್ನೂ ಮರೆಯಬಾರದು. ಪತ್ರವನ್ನು ಕನ್ನಡದಲ್ಲಿ ಬರೆಸಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬಾರದೆಂದು ಹೇಳಬೇಕಾದ ಕಾಲ ಇನ್ನೂ ಹೋಗಿಲ್ಲವೆಂಬುದು ವಿಷಾದದ ಸಂಗತಿ.

ಗಾಳಿಯ ಗೋಪುರಗಳಿಗೆ ಈ ತೊಡಕು ಕಡಿಮೆ. ಗದಗ, ಚಿತ್ರದುರ್ಗ, ಕೊಪ್ಪಳ ಸೀಮೆಯಲ್ಲಿ ಸಂಚರಿಸುವವರಿಗೆ ಆ ಮೂರು ರೆಕ್ಕೆಗಳು ಈಗ ಸಾಮಾನ್ಯ ದೃಶ್ಯ. ಗೋಪುರದ ಬುಡ ಮತ್ತು ದಾರಿ ಬಿಟ್ಟರೆ ಉಳಿದ ಹೊಲದಲ್ಲಿ ಜೋಳ ಬಿತ್ತಬಹುದು, ಕುರಿ ಮೇಯಿಸಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆಂದು ನಮ್ಮ ಮಿತ್ರರು ವಿವರಿಸಿದರು. ಆದ್ದರಿಂದಲೇ ಗುಡ್ಡದ ನೆತ್ತಿಗೂ ಬಯಲಿಗೂ ಅಷ್ಟು ವ್ಯತ್ಯಾಸ. ದೋಷವೆಂದರೆ ದೊಡ್ಡ ಲಾರಿಗಳಿಗಾಗಿ ಎರೆನೆಲದಲ್ಲಿ ಎತ್ತರದ ದಾರಿ ಹಾಕಿದಾಗ ಒಡ್ಡು ಒಡೆದು, ಮಳೆನೀರು ಒಬ್ಬರ ಹೊಲದಲ್ಲಿ ನಿಂತು ಇನ್ನೊಬ್ಬರ ಹೊಲ ಕೊರೆಯುತ್ತದೆ. ಔಷಧಿ ಸಸ್ಯಗಳ ತವರಾದ ಕಪ್ಪತಗುಡ್ಡದಂತಹ ಕಡೆ ಗುಡ್ಡವನ್ನೇ ಸೀಳಿ ದಾರಿ ಮಾಡಿದ್ದು ನಮಗೆ ಒಪ್ಪಿಗೆಯಾಗಲಿಲ್ಲ. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದ್ದು ತಡವಾದರೂ ಒಳ್ಳೆಯದೇ.

ಬಿಸಿಲು, ಗಾಳಿ ಎರಡಕ್ಕೂ ಇರುವ ದೊಡ್ಡ ಕೊರತೆ ಬೇರೆಯೇ ಇದೆ. ಅವು ನಾವು ಕರೆದಾಗ ಬರುವುದಿಲ್ಲ. ಪಾವಗಡದ ಸಾಮರ್ಥ್ಯ ಶರಾವತಿಯ 1,035 ಮೆಗಾವ್ಯಾಟಿನ ಎರಡರಷ್ಟಿರಬಹುದು, ಆದರೆ ಸಂಜೆ ಏಳಕ್ಕೆ ಊರೆಲ್ಲ ದೀಪ ಹಚ್ಚಿದಾಗ ಪಾವಗಡ ಮಲಗಿರುತ್ತದೆ. ಶರಾವತಿಯ ತೂಬನ್ನು ತೆರೆದರೆ ಆ ಹೊತ್ತಿಗೂ ವಿದ್ಯುತ್ತು ಬರುತ್ತದೆ. ಮಳೆಗಾಲದಲ್ಲಿ ಮೋಡ ಕವಿದಾಗ ಗಾಳಿ ಜೋರಾಗಿ ಬೀಸುವುದು ನಮ್ಮ ನಾಡಿನ ಭಾಗ್ಯ, ಒಂದರ ಕೊರತೆಯನ್ನು ಇನ್ನೊಂದು ಸ್ವಲ್ಪ ತುಂಬುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ತಿಗಾಗಿ ರೈತರು ಬೀದಿಗಿಳಿದದ್ದನ್ನು ನೆನೆದರೆ, ಯಾವ ಒಂದು ಮೂಲವನ್ನೂ ಪೂರ್ತಿ ನೆಚ್ಚಿಕೊಳ್ಳಲಾಗದೆಂಬುದು ತಿಳಿಯುತ್ತದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲೆತ್ತಿ, ರಾತ್ರಿ ಅದನ್ನು ಕೆಳಬಿಟ್ಟು ವಿದ್ಯುತ್ತು ಪಡೆಯುವ ಉಪಾಯವೊಂದಿದೆ. ಹೆಚ್ಚು ಕಡಿಮೆ ನಾಲ್ಕು ಪಾಲು ಹಾಕಿ ಮೂರು ಪಾಲು ಪಡೆಯುವ ವ್ಯಾಪಾರವಾದರೂ ಕತ್ತಲಿಗೆ ಅದೇ ಆಧಾರ. ಆದರೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವ್ಯಾಟಿನ ಯೋಜನೆಗೆ ಸಿಂಗಳೀಕಗಳ ಅಭಯಾರಣ್ಯವೇ ದಾರಿಯಲ್ಲಿದೆ. ಒಮ್ಮೆ ಮುಳುಗಿದ ಕಣಿವೆಯ ಜನ ಮತ್ತೊಮ್ಮೆ ವಿರೋಧಕ್ಕೆ ನಿಂತಿದ್ದರೆ ಅವರನ್ನು ಪ್ರಗತಿಯ ವೈರಿಗಳೆಂದು ಕರೆಯುವುದು ಅನ್ಯಾಯ.

ಮನೆಯ ಮಾಳಿಗೆಯ ವಿಷಯವನ್ನೂ ಗೃಹಿಣಿಯರು ಕೇಳುತ್ತಿರುತ್ತಾರೆ. ಮಾಳಿಗೆ ಯಾರ ಹೊಲವೂ ಅಲ್ಲ, ಯಾರ ಕೂಲಿಯೂ ತಪ್ಪುವುದಿಲ್ಲ. ಅದಕ್ಕಾಗಿಯೇ ನಮಗೆ ಎಲ್ಲಕ್ಕಿಂತ ಹಿಡಿಸಿದ ಮಾರ್ಗವಿದು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು, ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ದೊರೆಯುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಆದರೆ 2023ರ ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಯವರು ಇದರ ತಂಟೆಗೆ ಏಕೆ ಹೋದಾರು? ಎರಡು ಒಳ್ಳೆಯ ಯೋಜನೆಗಳು ಒಂದನ್ನೊಂದು ಎಳೆದಾಡುವುದು ನಮ್ಮಲ್ಲಿ ಹೊಸತೇನಲ್ಲ. ಇನ್ನೊಂದು ಎಚ್ಚರಿಕೆ. ನಮ್ಮ ಪರಿಚಯದ ಕಲ್ಯಾಣಮಂಟಪವೊಂದರ ಮಾಳಿಗೆಗೆ ಫಲಕ ಹಾಕಿಸಿ, “ಇನ್ನು ಕರೆಂಟ್ ಹೋಗುವ ಚಿಂತೆಯಿಲ್ಲ” ಎಂದು ಸಮಿತಿಯವರು ನಿಶ್ಚಿಂತರಾಗಿದ್ದರು. ಮದುವೆಯೊಂದರ ದಿನ ನಡುಹಗಲು ಸುಡುಬಿಸಿಲಿನಲ್ಲಿ ಕರೆಂಟ್ ಹೋಯಿತು, ಅದರೊಡನೆ ಫಲಕಗಳ ವಿದ್ಯುತ್ತೂ ನಿಂತಿತು. ಬೀಗರ ಮುಂದೆ ಅವರ ಮುಖ ಸಣ್ಣದಾದದ್ದನ್ನು ನಾವು ನೋಡಿದ್ದೇವೆ. ಸರಕಾರದ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆ ಹಾಗೆಯೇ ಇರಬೇಕು. ಇಲ್ಲವಾದರೆ ಕಂಬವೇರಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ವಿದ್ಯುತ್ತೇ ತಗುಲೀತು. ಮಾರಿದವರು ಇದನ್ನು ಮೊದಲೇ ಹೇಳಿರಲಿಲ್ಲ, ಅಷ್ಟೇ.

ಸಗಣಿಯ ಅನಿಲದ ಮಾತು ಬಂದಾಗ ನಮಗೆ ಬಾಲ್ಯದ ಮಠದ ಅಡುಗೆಮನೆ ನೆನಪಾಗುತ್ತದೆ. ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅಂಬಲಿ ಕಾಸುತ್ತಿದ್ದ ಅಡುಗೆಯವರು, ಗೋಬರ್ ಗ್ಯಾಸ್ ಬಂದ ದಿನ ನೀಲಿ ಜ್ವಾಲೆಗೆ ಕೈಮುಗಿದಿದ್ದರು. ಎರಡು ಘನಮೀಟರಿನ ಸಣ್ಣ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಐದಾರು ಜನರ ಮನೆಯ ಅಡುಗೆ ಅದರಿಂದ ಸಾಗುತ್ತದೆ, ಉಳಿದ ರಾಡಿ ಹೊಲಕ್ಕೆ ಉತ್ತಮ ಗೊಬ್ಬರ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಕುಣಿಗಲ್ ಸೀಮೆಯ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಕೂಡಿಸಿ ಇದನ್ನು ಸಾಮೂಹಿಕವಾಗಿ ಮಾಡಿ ನೋಡಿದರು. ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಸಗಣಿ ದೊರೆಯದಾದಾಗ, 1987ರಿಂದ ಅದೇ ಅನಿಲದಿಂದ ಯಂತ್ರ ನಡೆಸಿ ಊರಿಗೆ ಕುಡಿಯುವ ನೀರು ಮತ್ತು ದೀಪ ಕೊಟ್ಟರು. ಸಗಣಿ ತಂದವರಿಗೆ ರಾಡಿ ಮರಳಿ ಸಿಗುತ್ತಿತ್ತು, ಲೆಕ್ಕ ಊರವರೇ ಇಡುತ್ತಿದ್ದರು. ಹಲವು ವರ್ಷ ನಡೆದು ಆ ಪ್ರಯೋಗ ನಿಂತಿತಾದರೂ, ಶಕ್ತಿ ಹುಟ್ಟುವ ಊರಿಗೇ ಅದರ ಮೊದಲ ಫಲ ಸಂದದ್ದನ್ನು ನಾವು ಮರೆಯಲಾರೆವು. ಇಂದು ಟ್ರ್ಯಾಕ್ಟರ್ ಬಂದು ದನ ಕಡಿಮೆಯಾಗಿ, ಎಷ್ಟೋ ಮನೆಗಳ ಹಿತ್ತಿಲಲ್ಲಿ ಆ ಗುಮ್ಮಟಗಳು ತುಕ್ಕು ಹಿಡಿದು ನಿಂತಿವೆ.

ಕಾರ್ತೀಕದಲ್ಲಿ ಮಾತಿನಂತೆ ಕೊಪ್ಪಳದ ಆ ಮನೆಗೆ ಹೋದೆವು. “ಗೌಡರೇ, ನಿಮ್ಮ ಹೊಲದಲ್ಲಿ ವರ್ಷಕ್ಕೆ ಎಷ್ಟು ಜನ ಕೂಲಿ ಮಾಡುತ್ತಾರೆ?” ಎಂದು ಕೇಳಿದೆವು. ಅವರು ಬೆರಳು ಮಡಿಸಿ ಎಣಿಸಿ, ಕಳೆಗೆ ಹನ್ನೊಂದು, ಸುಗ್ಗಿಗೆ ಇಪ್ಪತ್ತು ಎಂದರು. ಆ ಹೆಣ್ಣುಮಕ್ಕಳನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದಕ್ಕೆ ಸುಮ್ಮನಾದರು. ಎರೆಭೂಮಿಯ ಹತ್ತು ಎಕರೆಯನ್ನು ಯಾವ ಬಾಡಿಗೆಗೂ ಬಿಡಬೇಡಿ, ಮಸಾರಿಯ ಆರು ಎಕರೆಯನ್ನು ಕೊಡಬಹುದು, ಅದಕ್ಕೂ ಬಾಡಿಗೆಯ ಏರಿಕೆಯನ್ನು ತಿದ್ದಿಸಿ, ಕಾವಲು ಮತ್ತು ತೊಳೆಯುವ ಕೆಲಸವನ್ನು ಇದೇ ಓಣಿಯವರಿಗೆ ಕೊಡಬೇಕೆಂದು ಬರೆಸಿ ಎಂದು ನಮ್ಮ ಅಭಿಪ್ರಾಯವನ್ನು ಹೇಳಿದೆವು. ಅಕ್ಕಪಕ್ಕದವರೆಲ್ಲ ಪೂರ್ತಿ ಹೊಲಕ್ಕೆ ಸಹಿ ಮಾಡಿಯಾಗಿತ್ತು. ನಡುವಿನ ಇವರ ಹೊಲವೊಂದು ಉಳಿದರೆ ಕಂಪನಿಗೆ ಅಡಚಣೆ, ನೆರೆಯವರಿಗೂ ಮುನಿಸು. ಆದರೂ ಗೌಡರು ಈ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಕಳಿಸಿದರು. ನಾವು ಇದನ್ನು ಬರೆಯುವ ಹೊತ್ತಿಗೆ ಕಂಪನಿಯಿಂದ ಉತ್ತರ ಬಂದಿಲ್ಲ.

ತಾಯಿಯವರು ಮಾತ್ರ ಯಾರ ಉತ್ತರಕ್ಕೂ ಕಾಯಲಿಲ್ಲ. ಮೋಜಣಿದಾರರನ್ನು ಕರೆಸಿ ನಾಲ್ಕೂ ಮೂಲೆಯ ಬಾಂದುಕಲ್ಲುಗಳನ್ನು ಗುರುತಿಸಿ, ಬಿದ್ದಿದ್ದ ಎರಡನ್ನು ಮತ್ತೆ ನೆಡಿಸಿದ್ದರು. ನಾವು ಹೋದ ದಿನ ನಮ್ಮನ್ನು ಬಿಸಿಲಿನಲ್ಲೇ ಹೊಲಕ್ಕೆ ಕರೆದೊಯ್ದು, ಒಂದೊಂದು ಕಲ್ಲನ್ನೂ ಕೈಯಿಂದ ಮುಟ್ಟಿ ತೋರಿಸಿದರು. “ಇನ್ನಷ್ಟು ಆಳ ಇಡಸಬೇಕಿತ್ತೇನ್ರೀ?” ಎಂದು ಕೇಳಿದರು. ಗೌಡರು ಹಾರೆ ತರಲು ಮನೆಗೆ ಹೋದರು.